ಬೈಲಪ್ಪನ ಮೂಗು, ಊರಿನ ನೀರು

ಬೈಲಪ್ಪ ಇಪ್ಪತ್ತೆರಡು ವರ್ಷದಿಂದ ಊರಿಗೆ ನೀರು ಬಿಡುವವನು. ಸೂಲಿಬೆಲೆ ಪೇಟೆಯಿಂದ ಬರೀ ನಾಲ್ಕು ಕಿಲೋಮೀಟರ್ ದೂರದ, ಇನ್ನೂರ ಹತ್ತು ಮನೆಗಳ ಊರು. ಬೆಳಿಗ್ಗೆ ಐದಕ್ಕೆ ನಲ್ಲಿಯಲ್ಲಿ ನೀರು ಬಂದರೆ ಯಾರಿಗೂ ಬೈಲಪ್ಪನ ನೆನಪಾಗದು. ಐದೂಕಾಲಾದರೂ ಬರದಿದ್ದರೆ ಅವನ ವಂಶದವರೆಲ್ಲ ನೆನಪಾಗುತ್ತಾರೆ.

ಅವನ ಹೊಟ್ಟೆಯಲ್ಲಿ ನಾಲ್ಕು ವರ್ಷದಿಂದ ಒಂದು ಗುಟ್ಟಿತ್ತು. ಕೊರೊನಾ ಬಂದು ಹೋದಾಗ ಮೂಗಿಗೆ ವಾಸನೆ ತಿಳಿಯುವುದು ನಿಂತಿತು, ಮತ್ತೆ ಬರಲೇ ಇಲ್ಲ. ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕುವವನಿಗೆ ವಾಸನೆಯೇ ಗೊತ್ತಾಗದೆಂದು ತಿಳಿದರೆ ಪಂಚಾಯಿತಿಯವರು ಇಟ್ಟುಕೊಳ್ಳುತ್ತಾರೆಯೇ? ಹೆಂಡತಿ ಪಾಪಮ್ಮನಿಗೂ ಹೇಳಿರಲಿಲ್ಲ. ಅವಳಿಗೆ ಹೇಳುವುದೂ ಒಂದೇ, ಹಾಲಿನ ಡೇರಿಯ ಮುಂದೆ ನಿಂತು ಕೂಗುವುದೂ ಒಂದೇ.

ಅಂದು ರಾತ್ರಿ ಎಂಟೂವರೆಗೆ ಪಾಪಮ್ಮ ಮುದ್ದೆ ಬಡಿಸುತ್ತಾ ಹೇಳಿದಳು: “ರಾಮಾಂಜಿನಪ್ಪ ಸಿಕ್ಕಿದ್ದ. ಗೆದ್ದಲಿಗೆ ಹಾಕೋ ಪುಡಿ ತಂದವ್ನಂತೆ. ಮನೇಲಿ ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತು, ಆ ವಿಷ ಹತ್ರ ಇದ್ರೆ ಒಂದೂ ಉಳಿಯಲ್ಲ ಅಂತ ಮಧ್ಯಾಹ್ನ ನಿನ್ ಪಂಪ್‌ಹೌಸಲ್ಲಿ ಇಟ್ಟವ್ನಂತೆ. ನಿಂಗೆ ಹೇಳು ಅಂದ.”

ಬೈಲಪ್ಪನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಸಂಜೆ ಏಳಕ್ಕೆ ಪಂಪ್‌ಹೌಸಿಗೆ ಹೋಗಿದ್ದ. ಬಲ್ಬು ಹೋಗಿ ವಾರವಾಗಿತ್ತು. ಕತ್ತಲಲ್ಲಿ ಕೈಗೆ ಸಿಕ್ಕ ಚೀಲದಿಂದ ನಾಲ್ಕು ಮಗ್ ಪುಡಿ ತೋಡಿ, ಬಕೆಟ್ಟಿನಲ್ಲಿ ಕಲಸಿ, ಟ್ಯಾಂಕಿಗೆ ಸುರಿದು ಬಂದಿದ್ದ. ಅಲ್ಲಿ ಇದ್ದದ್ದು ಒಂದು ಚೀಲವೋ, ಎರಡೋ? ನೋಡಿರಲಿಲ್ಲ.

“ವಾಲ್ವ್ ನೋಡ್ಕೊಂಡ್ ಬಂದ್ಬಿಡ್ತೀನಿ” ಎಂದು ಕೈ ತೊಳೆದು ಎದ್ದ.

“ತಟ್ಟೆ ಮುಂದೆ ಕೂತ್ಮೇಲೆ ಎಂಥ ವಾಲ್ವು?” ಎಂದು ಪಾಪಮ್ಮ ಕೂಗುವಷ್ಟರಲ್ಲಿ ಸೈಕಲ್ಲು ಬೀದಿ ದಾಟಿತ್ತು.

ಕೆರೆ ಏರಿಯ ಮೇಲೆ ಒಂದೂ ದೀಪವಿಲ್ಲ. ಬೇರೆ ದಿನವಾಗಿದ್ದರೆ ಏರಿಯ ನಾಯಿಗಳಿಗೆ ಹೆದರಿ ಸುತ್ತು ದಾರಿ ಹಿಡಿಯುವ ಆಳು, ಈವತ್ತು ಅವು ಕಾಲಿಗೇ ಬಂದರೂ ಪೆಡಲು ತುಳಿಯುತ್ತಲೇ ಇದ್ದ. ಊರಿನ ನಲ್ಲಿಗಳೆಲ್ಲ ಸಾಲಾಗಿ ಕಣ್ಣಮುಂದೆ ಬಂದವು. ಮೊದಲನೆಯದು ಗಂಗಣ್ಣನ ಮನೆಯದು, ಅಲ್ಲಿ ಬಾಣಂತಿ ಇದ್ದಾಳೆ. ಎರಡನೆಯದು ಅಂಗನವಾಡಿಯದು. ಮೂರನೆಯದನ್ನು ನೆನೆಯುವ ಧೈರ್ಯವಾಗಲಿಲ್ಲ, ಅದು ಅವನ ಮಗಳು ಮಮತಳ ಮನೆಯದು.

ಪಂಪ್‌ಹೌಸಿನಲ್ಲಿ ಮೊಬೈಲ್ ಬೆಳಕು ಬಿಟ್ಟು ನೋಡಿದರೆ ಎರಡು ಚೀಲ. ಎರಡೂ ಬಿಳಿ, ಎರಡರ ಬಾಯಿಯೂ ಬಿಚ್ಚಿದೆ, ಎರಡರಲ್ಲೂ ಬಿಳಿ ಪುಡಿ. ಒಂದಕ್ಕೆ ಮೂಗು ಇಟ್ಟ, ಇನ್ನೊಂದಕ್ಕೆ ಇಟ್ಟ. ಏನೂ ಇಲ್ಲ. ಗೋಡೆ ಮೂಸಿದ ಹಾಗಿತ್ತು. ಪುಡಿ ತೋಡಿದ ಮಗ್ ನೆಲದ ಮೇಲೆ ಬಿದ್ದಿತ್ತು, ಅದರ ತಳದಲ್ಲಿ ಬಿಳಿ ಪುಡಿ ಅಂಟಿತ್ತು. ಯಾವುದರದು ಎಂದು ಅದೂ ಹೇಳಲಿಲ್ಲ.

ಪಕ್ಕದಲ್ಲೇ ಟ್ಯಾಂಕು, ತುಂಬಾ ನೀರು, ಐವತ್ತು ಸಾವಿರ ಲೀಟರ್. ನಾಳೆ ಆದಿನಾರಾಯಣಪ್ಪನ ಮೊಮ್ಮಗನ ನಾಮಕರಣ, ಇನ್ನೂರು ಎಲೆಯ ಊಟ. ನೀರು ಸಾಕಷ್ಟು ಬಿಡುತ್ತೇನೆಂದು ಇವನೇ ಒಪ್ಪಿಕೊಂಡಿದ್ದ. ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟು ಬರುವುದು ನಾಳೆ ಬೆಳಿಗ್ಗೆ ಹತ್ತು ಗಂಟೆಗೆ, ಅಲ್ಲಿಯವರೆಗೆ ಟ್ಯಾಂಕನ್ನು ಮತ್ತೆ ತುಂಬಿಸುವಂತಿಲ್ಲ. ಬೈಲಪ್ಪ ಒಂದು ನಿಮಿಷ ನಿಂತ. ಆಮೇಲೆ ಟ್ಯಾಂಕ್ ತೊಳೆಯುವ ದಿನ ಮಾತ್ರ ತಿರುಗಿಸುವ ಕೆಳಗಿನ ವಾಲ್ವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದ. ನೀರು ಬೋರೆಂದು ಹಳ್ಳಕ್ಕೆ ಬಿತ್ತು.

ಅಷ್ಟಕ್ಕೇ ಹೆದರಿಕೆ ಇಳಿಯಲಿಲ್ಲ. ಅದು ವಿಷವೇ ಆಗಿದ್ದರೆ ಟ್ಯಾಂಕನ್ನು ಉಜ್ಜಬೇಕು, ಬೆಳಗಾಗುವ ಮುಂಚೆ ದನ ಹಳ್ಳಕ್ಕೆ ಇಳಿಯದಂತೆ ಊರಿಗೆ ಸಾರಬೇಕು. ಯಾರಾದರೂ ಈ ಮಗ್ ಮೂಸಿ ಹೇಳಬೇಕು, ಮೂಸುವವರು ಊರಿನವರಾಗಿರಬಾರದು. ಮಗ್ಗನ್ನು ಟವೆಲಿನಲ್ಲಿ ಸುತ್ತಿ, ಸೂಲಿಬೆಲೆಯ ದಾರಿ ಹಿಡಿದ. ಎರಡು ಸಲ ಚೈನು ಕಳಚಿತು. ಕತ್ತಲಲ್ಲಿ ಹಾಕಲಾಗದೆ, ಯಾವ ದೇವರಿಗೆ ಏನು ಹರಕೆ ಹೇಳಿಕೊಂಡನೋ ಅವನಿಗೇ ನೆನಪಿಲ್ಲ.

ಬಸ್ ನಿಲ್ಲುವ ಕಡೆ ಅಮರ್ ಎಂಬಾತನ ನೂಡಲ್ಸ್ ಗಾಡಿ ಇನ್ನೂ ಮುಚ್ಚಿರಲಿಲ್ಲ. ನಲವತ್ತು ರೂಪಾಯಿಗೆ ಅರ್ಧ ಪ್ಲೇಟು. ಬೈಲಪ್ಪ ಟವೆಲು ಬಿಚ್ಚಿ ಮಗ್ಗನ್ನು ಅವನ ಮುಂದೆ ಹಿಡಿದ.

“ಏನಣ್ಣಾ, ಮಗ್ ತಂದಿದ್ದೀಯ, ಪಾರ್ಸೆಲ್ಲಾ?”

“ಅರ್ಧ ಪ್ಲೇಟ್ ಹಾಕು. ಅದಕ್ಕೆ ಮುಂಚೆ ಇದನ್ನ ಒಂಚೂರು ಮೂಸಪ್ಪಾ. ದೂರದಿಂದ. ನಂಗೆ ಶೀತ.”

ಅಮರ್ ಬಗ್ಗಿ, ಥಟ್ಟನೆ ಮುಖ ಹಿಂದಕ್ಕೆಳೆದುಕೊಂಡ.

“ಬ್ಲೀಚಿಂಗ್ ಪೌಡ್ರು ಅಲ್ವಾ! ಕಣ್ಣಲ್ಲಿ ನೀರು ಬರ್ತದೆ. ತಿನ್ನೋ ಜಾಗದಲ್ಲಿ ಯಾಕ್ ತಂದೆ ಗುರು?”

“ಇನ್ನೊಂದ್ಸಲ ಮೂಸು. ನಿನ್ ದಮ್ಮಯ್ಯ.”

“ಬಚ್ಚಲಿಗೆ ಹಾಕ್ತಾರಲ್ಲ, ಅದೇ ಕಣಣ್ಣಾ. ಎಷ್ಟ್ ಸಲ ಮೂಸಿದ್ರೂ ಅದೇ.”

ಬೈಲಪ್ಪ ಬೆಂಚಿನ ಮೇಲೆ ಕುಕ್ಕರಿಸಿದ. ಒಳ್ಳೆಯ ನೀರನ್ನೇ ಹಳ್ಳಕ್ಕೆ ಬಿಟ್ಟು ಬಂದಿದ್ದ, ಇಷ್ಟು ಹೊತ್ತಿಗೆ ಟ್ಯಾಂಕು ಬರಿದಾಗಿರುತ್ತದೆ. ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಅಮರ್ ತಟ್ಟೆಯನ್ನು ಮುಂದಿಟ್ಟು, ಈ ಗಿರಾಕಿ ಕುಡಿದಿದ್ದಾನೆಂದು ಲೆಕ್ಕ ಹಾಕಿ ದುಡ್ಡು ಮೊದಲೇ ಇಸಿದುಕೊಂಡ.

ಫೋನು ಬಂತು. “ಎಲ್ ಸತ್ತೋದೆ? ಹತ್ತೂವರೆ ಆಯ್ತು” ಎಂದಳು ಪಾಪಮ್ಮ. ಇನ್ನು ಮೇಲೆ ಪುಡಿ ಮೂಸಲು ಒಂದು ಮೂಗು ಬೇಕೇ ಬೇಕು. ಬೈಲಪ್ಪ ಒಂದೇ ಉಸಿರಿಗೆ ಮೂಗಿನ ಕತೆ, ಚೀಲದ ಕತೆ, ಟ್ಯಾಂಕಿನ ಕತೆ ಎಲ್ಲ ಹೇಳಿಬಿಟ್ಟ. ಆ ಕಡೆಯಿಂದ ಬೈಗುಳ ಶುರುವಾಯಿತು, ನಿಲ್ಲಲಿಲ್ಲ. ಅವನು ಫೋನನ್ನು ಕಿವಿಗಿಟ್ಟುಕೊಂಡೇ ಬಿಸಿ ನೂಡಲ್ಸ್ ಬಾಯಿಗಿಟ್ಟ.

ನಾಳೆ ಐದೂಕಾಲಿಗೆ ಆದಿನಾರಾಯಣಪ್ಪ ಬೈಯುತ್ತಾನೆ. ಗಂಗಣ್ಣ ಬೈಯುತ್ತಾನೆ, ಬಾಣಂತಿ ಬೈಯುತ್ತಾಳೆ, ಕೊಡ ಹಿಡಿದುಕೊಂಡು ಮಮತಳೂ ಬರುತ್ತಾಳೆ. ಕೆಲಸ ಹೋದರೂ ಹೋಗಬಹುದು. ಬೈಯಲಿ, ಇನ್ನೂರ ಹತ್ತು ಮನೆಯಲ್ಲಿ ಒಂದು ಮನೆಯೂ ತಪ್ಪದೆ ಬಂದು ಬೈಯಲಿ ಎಂದುಕೊಂಡ ಬೈಲಪ್ಪ.