ಕ್ಯಾಮೆರಾದಲ್ಲಿ ಸಿಕ್ಕ ಅಜ್ಜಿ

೨೦೦೬ರ ಮಾತು. ಅಪ್ಪ ತೀರಿಕೊಂಡು ವರ್ಷ ಕಳೆದಿತ್ತು. ಪಿತೃಪಕ್ಷ ಹತ್ತಿರ ಬಂದಾಗ ಪುರೋಹಿತರು, "ನಿಮ್ ತಂದೆಯವರ ತಾಯಿ ಹೆಸರೇನು?" ಎಂದು ಕೇಳಿದರು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪನಿಗೆ ಎರಡು ವರ್ಷವಾಗಿದ್ದಾಗಲೇ ಆಕೆ ಹೋಗಿದ್ದರಂತೆ. ತರ್ಪಣ ಬಿಡುವಾಗ ಅಪ್ಪ ಹೆಸರುಗಳನ್ನು ಬಾಯೊಳಗೇ ಗೊಣಗುತ್ತಿದ್ದರು; ನಾನು ಎಂದೂ ಕಿವಿಗೊಟ್ಟಿರಲಿಲ್ಲ. ಅದೇ ಈಗ ಚುಚ್ಚತೊಡಗಿತು.

ಅಪ್ಪ ಹುಟ್ಟಿದ್ದು ಕೋಣನಕುಂಟೆಯಲ್ಲಿ. ಆಗ ಅದು ಹಳ್ಳಿ. ಹಳೆಯ ಜನನ ರಿಜಿಸ್ಟರುಗಳಿದ್ದ ಕಚೇರಿಯನ್ನು ಹುಡುಕಿಕೊಂಡು ಜಯನಗರದಿಂದ ಹೋದೆ. ನಿವೃತ್ತಿಗೆ ಹತ್ತಿರವಿದ್ದ ಗುಮಾಸ್ತರು ಒಂದು ದಪ್ಪ ಪುಸ್ತಕ ಇಳಿಸಿಕೊಟ್ಟರು. ಶಾಯಿ ಮಾಸಿ ಹೋಗಿತ್ತು.

"ಜೆರಾಕ್ಸ್ ಆಗಲ್ಲ ಸಾರ್, ಬೈಂಡಿಂಗ್ ಬಿಟ್ಕೊಳುತ್ತೆ. ಬೇಕಾದ್ರೆ ಫೋಟೋ ಹೊಡ್ಕೊಳಿ," ಎಂದರು.

ಮರುದಿನ ತಂಗಿಯ ಡಿಜಿಟಲ್ ಕ್ಯಾಮೆರಾ ತೆಗೆದುಕೊಂಡು ಹೋದೆ. ಅದನ್ನು ಕಂಡಿದ್ದೇ ತಡ, ಗುಮಾಸ್ತರು "ಒಂದ್ನಿಮಿಷ" ಎಂದು ಒಳಗೆ ಹೋಗಿ, ಮುಖ ತೊಳೆದು, ಇದ್ದ ನಾಲ್ಕು ಕೂದಲು ಬಾಚಿ, ವಿಭೂತಿ ಇಟ್ಟುಕೊಂಡು ಬಂದರು. ರಿಜಿಸ್ಟರನ್ನು ಸನ್ಮಾನದ ಫಲಕದಂತೆ ಎದೆಗೆ ಹಿಡಿದು ನಿಂತರು. ಪುಟ ಮಾತ್ರ ಸಾಕು ಎನ್ನಲು ನನಗೆ ಬಾಯಿ ಬರಲಿಲ್ಲ. ಕ್ಲಿಕ್ಕಿಸಿದೆ.

ಪಕ್ಕದ ಮೇಜಿನ ಮೇಡಂ ಇಣುಕಿ ನೋಡಿ, "ಫ್ಲ್ಯಾಶ್ ಆಫ್ ಮಾಡಿ ಸಾರ್, ಇವ್ರ ತಲೆ ಒಂದೇ ಹೊಳೀತಿದೆ," ಎಂದರು.

ಆಮೇಲೆ ಪುಟಗಳ ಫೋಟೋ ಒಂದೊಂದಾಗಿ ತೆಗೆದು, ಕ್ಯಾಮೆರಾದಲ್ಲೇ ಅಕ್ಷರ ದೊಡ್ಡದು ಮಾಡಿ ಓದಿದೆ. ಶ್ರೀನಿವಾಸಮೂರ್ತಿ ಎಂಬ ಅಪ್ಪನ ಹೆಸರೇ ಇಲ್ಲ.

ಗುಮಾಸ್ತರು ಕೇಳಿದರು: "ನಿಮ್ತಂದೆಗೆ ಮುಂಚೆ ಹುಟ್ಟಿದ್ ಮಕ್ಕಳು ಹೋಗಿದ್ವಾ?"

"ಹೌದು, ಇಬ್ಬರು ಹೋಗಿದ್ರಂತೆ."

"ಹಂಗಾದ್ರೆ ತಿಪ್ಪ ಅಂತ ನೋಡಿ."

ನನಗೆ ಸಿಟ್ಟು ಬಂತು. "ನಮ್ಮಪ್ಪ ಹೆಡ್ಮಾಸ್ಟ್ರು ಸಾರ್!"

"ಹುಟ್ದಾಗ್ಲೇ ಹೆಡ್ಮಾಸ್ಟ್ರಾ? ಮಗೂನ ತಿಪ್ಪೆ ಮೇಲೆ ಮಲಗ್ಸಿ ಎತ್ಕೊಂಡು, ಆ ಹೆಸ್ರಿಡೋರು. ಕಸ ಅನ್ಕೊಂಡು ಯಮ ಬಿಟ್ಟೋಗ್ಲಿ ಅಂತ."

ಹತ್ತನೆಯ ಫೋಟೋದಲ್ಲಿ ಸಿಕ್ಕಿತು. ಮಗು: ತಿಪ್ಪ. ತಂದೆ: ರಾಮಯ್ಯ. ಅದು ನಮ್ಮ ತಾತನ ಹೆಸರೇ. ತಾಯಿ: ನಂಜಮ್ಮ.

ಬಸ್ಸಿನ ಸೀಟನ್ನು ಕರ್ಚೀಫಿನಿಂದ ಒರೆಸದೆ ಕೂರದ ನಮ್ಮಪ್ಪ ತಿಪ್ಪ! ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಕಣ್ಣೀರು ಬಂತು. ಮೇಡಂ ನೀರಿನ ಲೋಟ ಮುಂದಿಟ್ಟರು. ಗುಮಾಸ್ತರು ಮಾತ್ರ, "ನನ್ ಫೋಟೋ ಒಂದ್ ಕಾಪಿ ಹಾಕ್ಸ್ಕೊಡಿ ಸಾರ್," ಎಂದರು. ವಾರದೊಳಗೆ ತಲುಪಿಸಿದೆ.

ಆ ಪಿತೃಪಕ್ಷದಲ್ಲಿ ನಂಜಮ್ಮ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಇಬ್ಬರು ಮಕ್ಕಳನ್ನು ಕಳೆದುಕೊಂಡು ಮೂರನೆಯದನ್ನು ತಿಪ್ಪೆಯ ಮೇಲೆ ಮಲಗಿಸುವಾಗ ಆಕೆಗೆ ಏನೆನಿಸಿತ್ತೋ ನನಗೆ ಗೊತ್ತಿಲ್ಲ. ಆಕೆ ಮಾಡಿದ ಮೋಸ ಯಮನಿಗೆ ತಿಳಿಯಲು ಎಪ್ಪತ್ತೊಂದು ವರ್ಷ ಹಿಡಿಯಿತು ಎನ್ನುವುದಷ್ಟೇ ಗೊತ್ತು.