ಎರಡು ಜಾಕೆಟ್ಟಿನ ಸಿನಿಮಾ

ಕೆಳತುಟಿಯ ಎಡಮೂಲೆಯಲ್ಲಿ ನಾಲ್ಕೈದು ಗುಂಡುಪಿನ್ನು ಕಚ್ಚಿಕೊಂಡೇ ಟೈಲರ್ರು ಮಾತಾಡುತ್ತಿದ್ದರು. ಗಿರಾಕಿ ಬರಲಿ, ಊರಿನ ದೊಡ್ಡವರು ಬರಲಿ, ಪಿನ್ನು ಬಾಯಿಂದ ಇಳಿಯುತ್ತಿರಲಿಲ್ಲ. ಒಂದೇ ಒಂದು ವಿಷಯ ಬಂದಾಗ ಮಾತ್ರ ಒಂದೊಂದಾಗಿ ತೆಗೆದು ಅಂಗಿಯ ಕಾಲರಿಗೆ ಚುಚ್ಚಿ, ಬಾಯಿ ಒರೆಸಿಕೊಂಡು ಕೂರುತ್ತಿದ್ದರು. ಅದು ಅವರ ಸಿನಿಮಾ.

ನಮ್ಮೂರು ಕೋಟದ ಬಸ್‌ಸ್ಟಾಪಿನ ಪಕ್ಕ ಅಂಗಡಿ ಇಟ್ಟುಕೊಂಡಿದ್ದ ನಮ್ಮ ಟೈಲರ್ರು ಪ್ರಾಯದಲ್ಲಿ ಮುಂಬಯಿಯಲ್ಲಿ ಹೊಲಿಗೆ ಮಾಡಿದವರು. ಅಲ್ಲಿ ಒಂದು ವಾರವೂ ನೆಟ್ಟಗೆ ಓಡದ ಇಂಗ್ಲಿಷ್ ಸಿನಿಮಾವೊಂದನ್ನು ನಾಲ್ಕು ಸಲ ನೋಡಿದ್ದರು. ಯಾವುದೋ ದೊಡ್ಡ ಪಟ್ಟಣದ ಬೀದಿಗಳಲ್ಲಿ ಎರಡು ಗ್ಯಾಂಗುಗಳ ಕಾದಾಟ. ಮುಂದೆ ಅದು ಕ್ಯಾಸೆಟ್ಟಿನಿಂದ ಸಿ.ಡಿ.ಗೆ, ಸಿ.ಡಿ.ಯಿಂದ ಮೊಬೈಲಿಗೆ ದಾಟಿ, ಲೋಕದ ಮೂಲೆಮೂಲೆಯಲ್ಲಿ ಹುಚ್ಚರನ್ನು ಹುಟ್ಟಿಸಿತಂತೆ. ಕೋಟದಲ್ಲಿ ಇವರೊಬ್ಬರೇ ಇದ್ದರು, ಆಮೇಲೆ ನಾವು ಏಳು ಜನ ಸೇರಿಕೊಂಡೆವು.

ಇಂಗ್ಲಿಷ್ ಅವರಿಗೆ ಬರುತ್ತಿರಲಿಲ್ಲ, ಬೇಕೂ ಇರಲಿಲ್ಲ. ಅಂಗಡಿಯ ಸಣ್ಣ ಟೀವಿಯಲ್ಲಿ ಹಾಕಿ, ಕರಿ ಜಾಕೆಟ್ಟಿನ ಏಳು ಜನ ಮೇಲ್ಸೇತುವೆಯ ಮೆಟ್ಟಿಲು ಇಳಿದು ಬರುವಲ್ಲಿ ನಿಲ್ಲಿಸುತ್ತಿದ್ದರು. "ಮಾತ್ ಕೇಂಬದ್ ಬ್ಯಾಡ, ಹೆಗ್ಲ್ ಕಾಣ್. ಒಂದ್ ಸುಕ್ಕ್ ಇತ್ತಾ?" ಇರಲಿಲ್ಲ. ಮಳೆಯಲ್ಲಿ ಹೊಳೆಯುವ ಕರಿಬಟ್ಟೆ, ಮಿಂಚಿ ಮರೆಯಾಗುವ ಕೆಂಪು ಲೈನಿಂಗ್, ಏಳು ಜನರದೂ ಒಂದೇ ನಡಿಗೆ. ನನಗೆ ಮೈ ಜುಂ ಅನ್ನುತ್ತಿತ್ತು. ಮುಂದೆ ಹೊಡೆದಾಟದಲ್ಲಿ ಮತ್ತೆ ನಿಲ್ಲಿಸಿ, ನಾಯಕನ ಕಂಕುಳಿಗೆ ಬೆರಳಿಡುತ್ತಿದ್ದರು. ಅಲ್ಲಿ ವೀಳ್ಯದೆಲೆಯಷ್ಟು ಬಟ್ಟೆಯ ತುಂಡೊಂದನ್ನು ಹೆಚ್ಚಿಗೆ ಸೇರಿಸಿದ್ದರು. ಅದಿದ್ದರೆ ಹೊಡೆಯಲು ಕೈ ತಲೆಯ ಮೇಲೆ ಹೋಗುತ್ತದೆ, ಇಲ್ಲದಿದ್ದರೆ ನಡೆಯುವಾಗ ಹೆಗಲು ಚಂದ ಕೂರುತ್ತದೆ. "ಜಾಕೆಟ್ ಎರಡ್ ಮಾರಾಯಾ. ಒಂದ್ ನಡುಕೆ, ಒಂದ್ ಹೊಡುಕೆ. ಕಾಂಬವ್ರಿಗೆ ಒಂದೇ. ಹೊಲ್ದವ ಮನ್ಷ್ಯನೇ ಅಲ್ಲ, ದೇವ್ರ್."

ಸಿನಿಮಾ ಮುಗಿದು ಹೆಸರುಗಳು ಏರತೊಡಗಿದರೆ ಅವರು ಎದ್ದು ನಿಲ್ಲುತ್ತಿದ್ದರು. ತಮಗೆ ಓದಲು ಬಾರದ ಆ ಸಾಲುಗಳಲ್ಲಿ ಎಲ್ಲೋ ಆ ಜಾಕೆಟ್ ಹೊಲಿದ ಟೈಲರನ ಹೆಸರೂ ಇರುತ್ತದೆ, ಅದು ದಾಟುವ ತನಕ ಕೂರುವುದು ಸರಿಯಲ್ಲ ಎಂಬುದು ಅವರ ಲೆಕ್ಕ.

ನಾವು ಏಳು ಜನ ಕಾಲೇಜು ಮುಗಿಸಿ ಉಂಡಾಡಿಗಳಾಗಿದ್ದ ಕಾಲ ಅದು. ಹೈವೇಯ ಪಡುಬದಿಯವರು ನಾವು. ಮೂಡುಬದಿಯಲ್ಲಿ ಇನ್ನೊಂದು ತಂಡ. ವಾಲಿಬಾಲ್ ಆಡುವಾಗ ಗೆರೆಯ ಮೇಲೆ ಬಿದ್ದ ಒಂದು ಚೆಂಡು ನಮ್ಮನ್ನು ಹಗೆಗಳನ್ನಾಗಿ ಮಾಡಿತ್ತು. ಮುಂದಿನ ಆಟಕ್ಕೆ ಸಿನಿಮಾದವರ ಹಾಗೆಯೇ ಹೋಗಿ ಸಮಾ ಬಡಿದು ಬರುವುದೆಂದು ಟೈಲರ್ರಲ್ಲಿ ಏಳು ಕರಿ ಜಾಕೆಟ್ ಹೊಲಿಸಿದೆವು.

"ಎಂತಕ್ಕೆ?" ಅಳತೆ ತೆಗೆಯುತ್ತಾ ಕೇಳಿದರು.

"ಮೆರುಕೆ," ಎಂದೆ, ಹೊಡೆದಾಟದ ಸುದ್ದಿ ಎತ್ತದೆ. ಅವರು ಪಿನ್ನು ಕಚ್ಚಿಕೊಂಡು ನನ್ನ ಹೆಗಲಿಗೆ ಟೇಪು ಹಿಡಿದರು.

ಏಪ್ರಿಲ್ಲಿನ ಸೆಕೆಗೆ ಜಾಕೆಟ್ಟಿನೊಳಗೆ ಬೆವರು ಹರಿಯುತ್ತಿತ್ತು. ಆದರೂ ನಾವು ಏಳು ಜನ ಸಾಲಾಗಿ ಆಟದ ಗದ್ದೆಗೆ ಇಳಿದಾಗ ಜನ ಮಾತು ನಿಲ್ಲಿಸಿ ನೋಡಿದರು. ಹೆಗಲಲ್ಲಿ ಒಂದು ಸುಕ್ಕಿರಲಿಲ್ಲ. ಆಟ ಮುಗಿಯುವ ಮೊದಲೇ ಮಾತಿಗೆ ಮಾತು ಬೆಳೆದು ಕೈ ಕೈ ಮಿಲಾಯಿಸಿದೆವು. ಅವರಲ್ಲೊಬ್ಬ ಕಾಲು ಜಾರಿ ನನ್ನೆದುರೇ ಬಿದ್ದ. ನನ್ನ ಕೈಯಲ್ಲಿ ಸೋಡಾ ಬಾಟ್ಲಿ ಇತ್ತು. ತಲೆಗೇ ಹೊಡೆಯಲೆಂದು ಎತ್ತಿದೆ. ಕೈ ಹೆಗಲಿನವರೆಗೆ ಹೋಗಿ ನಿಂತುಬಿಟ್ಟಿತು, ಯಾರೋ ಹಿಂದಿನಿಂದ ಹಿಡಿದ ಹಾಗೆ. ಜಗ್ಗಿದೆ. ಬೆವರುಗೈಯಿಂದ ಬಾಟ್ಲಿ ಜಾರಿ ಹಿಂದೆ ಬಿತ್ತು. ತಿರುಗಿ ನೋಡಿದರೆ ನಮ್ಮ ಉಳಿದ ಆರೂ ಜನ ಅರ್ಧಕ್ಕೆ ಕೈ ಎತ್ತಿಕೊಂಡು ಬೆದರುಗೊಂಬೆಗಳ ಹಾಗೆ ನಿಂತಿದ್ದರು. ಬಿದ್ದವನೇ ಮೊದಲು ನಕ್ಕ. ಅವನು ನಕ್ಕ ಮೇಲೆ ಹೊಡೆದಾಟ ಎಲ್ಲಿಯದು?

ಸಿಟ್ಟಿನಲ್ಲಿ ನೇರ ಅಂಗಡಿಗೆ ಹೋದೆ. "ಟೈಲರ್ರೇ, ನಿಮ್ದ್ ಅಳತಿ ತಪ್ಪಿತಾ? ಕೈಯೇ ಎತ್ತುಕೆ ಆತಿಲ್ಲೆ."

ಅವರು ಒಂದೊಂದೇ ಪಿನ್ನು ತೆಗೆದು ಕಾಲರಿಗೆ ಚುಚ್ಚಿದರು. ಸಿನಿಮಾ ಅಲ್ಲದ ಮಾತಿಗೆ ಅವರು ಪಿನ್ನು ತೆಗೆದದ್ದನ್ನು ನಾನು ಕಂಡದ್ದು ಆಗ ಮಾತ್ರ.

"ಅಳತಿ ತಪ್ಪಲಿಲ್ಲೆ. ನಿಮ್ಗ್ ನಾನ್ ಹೊಲ್ದದ್ ನಡುಕೆ. ಸಿನಿಮಾದಗ್ ಸತ್ತವ ಎದ್ದ್ ಚಾ ಕುಡಿತ. ನಿನ್ನ್ ಕೈಯಗ್ ಬಿದ್ದವ ಏಳ್ತ್ನಾ?"

ಬಾಟ್ಲಿ ಎತ್ತಿದ್ದು ನಾನೇ, ತಡೆದದ್ದು ನಾನಲ್ಲ. ಅವತ್ತಿನ ಹೆದರಿಕೆ ಇನ್ನೂ ಪೂರ್ತಿ ಇಳಿದಿಲ್ಲ.

ಕಳೆದ ವರ್ಷ ಟೈಲರ್ರು ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿಸಿ ಬಂದು, ಬಾಗಿಲು ಹಾಕಿದ ಅವರ ಅಂಗಡಿಯ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಆ ಸಿನಿಮಾ ಹಾಕಿದೆ. ಪಕ್ಕದಲ್ಲಿ ಅವತ್ತು ನನ್ನೆದುರು ಬಿದ್ದವನು ಕೂತಿದ್ದ. ಈಗ ನನ್ನ ಮಗಳು ಶಾಲೆಗೆ ಹೋಗುವುದು ಅವನ ರಿಕ್ಷಾದಲ್ಲೇ. ಮೆಟ್ಟಿಲಿನ ನಡಿಗೆ ಬಂದಾಗ ಇಬ್ಬರೂ ಹೆಗಲನ್ನೇ ನೋಡಿದೆವು. ಕೊನೆಗೆ ಹೆಸರುಗಳು ಏರತೊಡಗಿದವು.

"ಮುಗಿತಲ್ದಾ, ಹೋಪ," ಎಂದು ಅವನು ಚಪ್ಪಲಿ ಮೆಟ್ಟಿದ.

"ನಿಲ್ಲ್ ಮಾರಾಯಾ," ನಾನು ಎದ್ದು ನಿಂತೆ, "ಟೈಲರ್ರ್ ಹೆಸ್ರ್ ಇನ್ನ್ ಬಪ್ಪುಕಿತ್ತ್."

ಅವನು ನನ್ನ ಮುಖ ನೋಡಿದ. ಚಪ್ಪಲಿ ಬಿಟ್ಟು ಬಂದು ಪಕ್ಕದಲ್ಲಿ ನಿಂತ.