ಮೊಳೆಗೆ ತೂಗಿದ ಒರೆ

ಗ್ರಾಂಟ್ ರೋಡ್ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ಹಿರಿಯರ ಅಂಗಡಿಯಿತ್ತು. ಹಳೆಯ ಕತ್ತಿಗಳಿಗೆ ಒರೆ ಹೊಲಿಯುವುದು ಅವರ ಕಸುಬು. ಯಾವ ಕತ್ತಿ ಸೈನ್ಯದ ಯಾವ ಪಲ್ಟನ್ನಿನದೆಂದು ಪತ್ತೆ ಹಚ್ಚುವುದು ಹುಚ್ಚು. ಯಾರು ಕತ್ತಿ ತಂದರೂ ಕನ್ನಡಕವನ್ನು ಹಣೆಗೇರಿಸಿ, ಹಿಡಿಯ ಬುಡವನ್ನು ಹೆಬ್ಬೆರಳಿನಿಂದ ಉಜ್ಜಿ, "ಮೊದಲ ನಂಬರ್ ನೋಡೂಣ್ರಿ, ಕಥಿ ಆಮ್ಯಾಲೆ" ಅನ್ನುತ್ತಿದ್ದರು.

ಗೋಡೆಯ ಮೊಳೆಗೆ ಒಂದು ಖಾಲಿ ಒರೆ ತೂಗುತ್ತಿತ್ತು. ಕುದುರೆ ಪಲ್ಟನ್ನಿನಲ್ಲಿದ್ದ ಅವರ ಅಪ್ಪ ಯುದ್ಧದಿಂದ ಆ ಒರೆಯೊಂದನ್ನೇ ಸೊಂಟಕ್ಕೆ ಕಟ್ಟಿಕೊಂಡು ಬಂದಿದ್ದರಂತೆ. ಪ್ರತಿ ಕತ್ತಿಯ ನಂಬರ್ ಓದಿದ ಮೇಲೂ ಅವರ ಕಣ್ಣು ಆ ಮೊಳೆಯ ಕಡೆ ಹೋಗುತ್ತಿತ್ತು.

ಒಂದು ಭಾನುವಾರ ನಾನೂ ಬೊರಿವಲಿಯಿಂದ ಕತ್ತಿಯೊಂದನ್ನು ಒಯ್ದೆ. ನಮ್ಮ ಬಿಲ್ಡಿಂಗಿನವರೊಬ್ಬರು ಮನೆ ಖಾಲಿ ಮಾಡುವಾಗ ಕೊಟ್ಟದ್ದು. ಅಂಗಡಿಯ ಹಿರಿಯರು ಹಿಡಿಯನ್ನು ಉಜ್ಜಿ ನೋಡಿದರು. ಮೊಳೆಯ ಒರೆಯನ್ನು ಇಳಿಸಿ ಅದರೊಳಗೆ ಕತ್ತಿ ಇಳಿಬಿಟ್ಟರು. ಅದು ಹಿಡಿಯವರೆಗೂ ಸಲೀಸಾಗಿ ಹೋಯಿತು. ಎರಡರ ಮೇಲೂ ಒಂದೇ ನಂಬರು, ಒಂದೇ ಪಲ್ಟನ್ನಿನ ಗುರುತು.

"ಇದು ನಿಮ್ಮ ತಂದೆಯವರದ್ದಾ ಮಾರಾಯ್ರೆ?" ಎಂದೆ.

ಅವರು ಹೌದೆಂದು ತಲೆಯಾಡಿಸಿದರು. 'ನೀವೇ ಇಟ್ಟುಕೊಳ್ಳಿ' ಎಂಬ ಮಾತು ನನ್ನ ನಾಲಗೆಯ ಮೇಲೇ ಉಳಿಯಿತು. ಅಂಥ ಚೆಂದದ ವಸ್ತು ನನ್ನಲ್ಲಿ ಬೇರೆ ಇರಲಿಲ್ಲ. ಅವರು ಎರಡನ್ನೂ ಸೇರಿಸಿ ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟರು.

"ಇನ್ನ ಇವನ್ನ ಅಗಲಸಬ್ಯಾಡ್ರಿ."

ವಾರವಿಡೀ ನನಗೆ ನೆಮ್ಮದಿಯಿರಲಿಲ್ಲ. ಮುಂದಿನ ಭಾನುವಾರ ಅದೇ ಪೊಟ್ಟಣ ಹಿಡಿದು ಮತ್ತೆ ಲೋಕಲ್ ಹತ್ತಿದೆ. ಅಂಗಡಿಯಲ್ಲಿ ಯಾರೋ ಗಿರಾಕಿ ಕತ್ತಿ ಹಿಡಿದು ನಿಂತಿದ್ದ.

"ಮೊದಲ ನಂಬರ್ ನೋಡೂಣ್ರಿ," ಎನ್ನುತ್ತ ಅವರು ಹಿಡಿಯನ್ನು ಉಜ್ಜಿದರು, ಓದಿದರು, ಆಮೇಲೆ ರೂಢಿಯಂತೆ ಗೋಡೆಯ ಕಡೆ ನೋಡಿದರು.

ಅಲ್ಲಿ ಮೊಳೆ ಮಾತ್ರ ಇತ್ತು. ಒರೆ ನನ್ನ ಕಂಕುಳಲ್ಲಿತ್ತು.